ಕೆಂಗೇರಿಯಿಂದ ಕೆಂಗೇರಿಗೆ: ನೀರಿನ ಜಾಡಿನಲ್ಲಿ ಒಂದು ಸುತ್ತು



ಇತಿಹಾಸ ಎಂದೊಡನೆ ಹಂಪಿ, ಬೇಲೂರು, ಬಾದಾಮಿಗಳು ನಿಮ್ಮ ಕಣ್ಣ ಮುಂದೆ ಬರುತ್ತವೆ. ಅವನ್ನು ನೋಡಲು ಶಾಲೆಯ ಪ್ರವಾಸಕ್ಕೆ ಕಾಯಬೇಕು. ಆದರೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ವಾಸಿಸುವ ನಿಮಗೆ ಮನೆಯ ಹತ್ತಿರವೇ ಇತಿಹಾಸದ ಒಂದು ದಾರಿ ಇದೆ. ಕೆಂಗೇರಿಯಿಂದ ಹೊರಟು ಕೊಮ್ಮಘಟ್ಟ, ಸೂಲಿಕೆರೆ, ರಾಮೋಹಳ್ಳಿಗಳನ್ನು ಹಾದು, ಕೇತೋಹಳ್ಳಿಯ ದೊಡ್ಡ ಆಲದಮರವನ್ನು ನೋಡಿ, ಕುಂಬಳಗೋಡಿನ ಮೂಲಕ ಮರಳಿ ಕೆಂಗೇರಿಗೆ ಬರುವ ದಾರಿ ಅದು. ಒಂದೇ ದಿನದಲ್ಲಿ ನಡೆದು ಮುಗಿಸುವುದು ಕಷ್ಟ. ಎರಡು ಭಾನುವಾರಗಳಿಗೆ ಹಂಚಿಕೊಳ್ಳಿ, ಇಲ್ಲವೇ ಸೈಕಲ್ ಹಿಡಿಯಿರಿ. ಜೊತೆಗೆ ಹಿರಿಯರೊಬ್ಬರು ಇರಲಿ.

ಹೊರಡುವ ಮೊದಲು ನಿಮ್ಮ ಮನೆಯ ತಾರಸಿಯ ಮೇಲೆ ನಿಂತು ಯೋಚಿಸಿ. ಬೆಂಗಳೂರು ಎತ್ತರದ ದಿಣ್ಣೆಯ ಮೇಲಿರುವ ಊರು. ಪೂರ್ವದ ಇಳಿಜಾರಿನಲ್ಲಿ ಸುರಿದ ಮಳೆ ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುತ್ತದೆ. ನಿಮ್ಮ ಪಶ್ಚಿಮದ ಬಡಾವಣೆಗಳ ಮಳೆ ವೃಷಭಾವತಿಯ ಪಾಲು. ವೃಷಭಾವತಿ ಕೆಂಗೇರಿಯನ್ನು ಹಾದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಮುಂದೆ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಎಂದರೆ ನಾವು ಇಂದು ನಡೆಯುವ ಕಡೆಗೇ ನಿಮ್ಮ ಮನೆಯ ನೀರೂ ನಡೆಯುತ್ತಿದೆ.

ಕೆಂಗೇರಿಯ ಹೆಸರು ‘ತೆಂಗಿನ ಕೇರಿ’ ಎಂಬುದರಿಂದ ಬಂದಿತೆನ್ನುವವರಿದ್ದಾರೆ. ಇಲ್ಲಿನ ರೈಲುದಾರಿಯನ್ನು ಗಮನಿಸಿ. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಕಾಡಿದ ಕ್ಷಾಮವನ್ನು ನಮ್ಮ ಹಿರಿಯರು ಧಾತು ಈಶ್ವರ ಬರ ಎಂದು ಕರೆದರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದೊಳಕ್ಕೆ ಇಳಿದಿತ್ತು. ಹಸಿದವರಿಗೆ ಕೂಲಿ ಒದಗಿಸಲೆಂದು ಬೆಂಗಳೂರು–ಮೈಸೂರು ರೈಲುಮಾರ್ಗದ ಕೆಲಸವನ್ನೂ ಕೈಗೊಳ್ಳಲಾಯಿತು. 1881ರಲ್ಲಿ ಚನ್ನಪಟ್ಟಣದವರೆಗೆ, 1882ರಲ್ಲಿ ಮೈಸೂರಿನವರೆಗೆ ರೈಲು ಓಡಿತು. ಮಳೆ ತಪ್ಪಿ ಕೆರೆ ಬತ್ತಿದರೆ ಏನಾಗುತ್ತದೆ ಎಂಬುದಕ್ಕೆ ಈ ದಾರಿ ಸಾಕ್ಷಿಯಾಗಿದೆ.

ಆದ್ದರಿಂದ ಕೊಮ್ಮಘಟ್ಟದಲ್ಲಿ, ಸೂಲಿಕೆರೆಯಲ್ಲಿ ಕೆರೆಯನ್ನು ಕಂಡಾಗ ಸುಂದರ ನೋಟವೆಂದು ಹೇಳಿ ಮುಂದೆ ಸಾಗಬೇಡಿ. ಏರಿಯ ಮೇಲೆ ನಿಂತು ಅದರ ಅಂಗಗಳನ್ನು ಗುರುತಿಸಲು ಪ್ರಯತ್ನಿಸಿ. ನೀರನ್ನು ತಡೆಯುವುದು ಏರಿ, ಬೇಕಾದಷ್ಟು ಹೊರಬಿಡುವುದು ತೂಬು, ಹೆಚ್ಚಾದುದನ್ನು ಹೊರಹಾಕುವುದು ಕೋಡಿ. ಏರಿಯ ಕೆಳಗೆ ನೀರುಣ್ಣುವ ಭೂಮಿ ಅಚ್ಚುಕಟ್ಟು. ಮೇಲಿನ ಕೆರೆಯ ಕೋಡಿ ಬಿದ್ದರೆ ಆ ನೀರು ಕೆಳಗಿನ ಊರಿನ ಕೆರೆಗೆ ಹೋಗುತ್ತಿತ್ತು. ಹೀಗೆ ಒಂದು ಊರು ಇನ್ನೊಂದು ಊರಿಗೆ ನೀರಿನಿಂದಲೇ ನೆಂಟನಾಗಿತ್ತು. ಕೆರೆ ಕಟ್ಟಿಸಿದವರಿಗೆ ಕೊಟ್ಟ ಭೂಮಿಯನ್ನು ಶಾಸನಗಳು ಕಟ್ಟುಕೊಡಗೆ ಎನ್ನುತ್ತವೆ. ಕೆರೆಯ ಉಸ್ತುವಾರಿಗಾಗಿ ಬಿಟ್ಟುದನ್ನು ಬಿತ್ತುವಟ್ಟ ಎನ್ನುತ್ತವೆ. ತೂಬು ತೆಗೆದು ಮುಚ್ಚಿ, ಗದ್ದೆಗದ್ದೆಗೂ ಸರದಿಯಂತೆ ನೀರು ಹಾಯಿಸಲು ನೀರಗಂಟಿ ಇದ್ದ. ಕೆರೆ ಊರವರೆಲ್ಲರ ಹೊಣೆಯಾಗಿತ್ತು.

ಹಳ್ಳಿಗಳ ಒಳಗೆ ನಡೆಯುವಾಗ ಅರಳಿಕಟ್ಟೆ, ಗುಡಿಯ ಅಂಗಳ, ಬೇಲಿಯ ಬದಿಗಳನ್ನು ನೋಡುತ್ತಿರಿ. ಮೂರು ಹಂತಗಳಲ್ಲಿ ಕೆತ್ತಿದ ಕಲ್ಲು ಕಂಡರೆ ಅದು ವೀರಗಲ್ಲಾಗಿರಬಹುದು. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ ಇರುತ್ತದೆ. ಇಂಥ ಕಲ್ಲುಗಳ ಬೆಲೆ ಏನು? ‘ಬೆಂಗಳೂರು’ ಎಂಬ ಹೆಸರು ಸುಮಾರು ಕ್ರಿ.ಶ. 890ರಷ್ಟು ಹಿಂದೆಯೇ ಇತ್ತೆಂದು ತಿಳಿಸಿದ್ದು ಬೇಗೂರಿನ ಗುಡಿಯ ಒಂದು ಕಲ್ಲು. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗಾಗಿ ಅಗೆಯುವಾಗ ಸಿಕ್ಕಿದ ಕಿತ್ತಯ್ಯನೆಂಬ ವೀರನ ಕಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಅಗೆಯುವವರು ಸುಮ್ಮನೆ ಒಡೆದುಹಾಕಿದ್ದರೆ ಒಂದು ಅಧ್ಯಾಯವೇ ಹೋಗುತ್ತಿತ್ತು. ಬಿ. ಎಲ್. ರೈಸ್ ಅವರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದರು. ಅದರಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಈಗ ಇದ್ದಲ್ಲಿ ಇಲ್ಲ. ರಸ್ತೆಗೋ ತಳಪಾಯಕ್ಕೋ ಸೇರಿಹೋಗಿವೆ. ಉಳಿದವನ್ನು 2021ರಿಂದ ಮಿಥಿಕ್ ಸೊಸೈಟಿ ಕಂಪ್ಯೂಟರಿನ ನೆರವಿನಿಂದ ಮೂರು ಆಯಾಮಗಳಲ್ಲಿ ದಾಖಲಿಸುತ್ತಾ ಬಂದಿದೆ.

ರಾಮೋಹಳ್ಳಿಯನ್ನು ದಾಟಿದರೆ ದೊಡ್ಡ ಆಲದಮರ. ಸುಮಾರು 3 ಎಕರೆಯಲ್ಲಿ ಹರಡಿರುವ ಇದರ ವಯಸ್ಸು 400 ವರ್ಷ ಎನ್ನುತ್ತಾರೆ. ಆ ಅಂದಾಜು ಸರಿಯಾದರೆ, 1638ರಲ್ಲಿ ಬಿಜಾಪುರದ ಸೈನ್ಯಕ್ಕೆ ಬೆಂಗಳೂರನ್ನು ಬಿಟ್ಟುಕೊಟ್ಟು ಕೆಂಪೇಗೌಡರ ವಂಶದವರು ಮಾಗಡಿಯಲ್ಲಿ ನೆಲೆನಿಂತಾಗ ಇದು ಎಳೆಯ ಮರ. ತಾಯಿಬೇರು ರೋಗದಿಂದ ನಾಶವಾಗಿದೆ. ಆದರೂ ನೆಲ ಹಿಡಿದ ಬಿಳಲುಗಳು ಮರವನ್ನು ನಿಲ್ಲಿಸಿವೆ. ಇದರ ನೆರಳಿನಲ್ಲಿ ಬುತ್ತಿ ಬಿಚ್ಚಿ. ಬಿಳಲಿಗೆ ಜೋತುಬೀಳಬೇಡಿ, ಕಾಂಡದ ಮೇಲೆ ಹೆಸರು ಕೊರೆಯಬೇಡಿ.

ಕುಂಬಳಗೋಡಿನಿಂದ ಮೈಸೂರು ರಸ್ತೆ ಹಿಡಿದು ಮರಳುವಾಗ ವೃಷಭಾವತಿಯ ವಾಸನೆ ನಿಮ್ಮ ಮೂಗಿಗೆ ಬಡಿಯಬಹುದು. ಮುಖ ತಿರುಗಿಸಬೇಡಿ. ಈ ನದಿಯ ನೀರು ಹೊಲಗಳಿಗೆ ಸಿಗಲೆಂದು ಬಿಡದಿಯ ಬಳಿ ಬೈರಮಂಗಲದ ಜಲಾಶಯವನ್ನು 1940ರ ದಶಕದಲ್ಲಿ ಕಟ್ಟಲಾಯಿತು. ಅಲ್ಲಿಗೆ ನಗರದ ಕೊಳಚೆಯೂ ಕಾರ್ಖಾನೆಗಳ ಕಲ್ಮಷವೂ ಸೇರಿ ನೊರೆ ಏಳುವ ನೀರು ತಲುಪಿತು. ಹಿಂದೆ ಮೇಲಿನ ಊರು ಕೆಳಗಿನ ಊರಿಗೆ ಕೋಡಿಯ ನೀರನ್ನು ಕೊಡುತ್ತಿತ್ತು. ಇಂದು ಮೇಲಿನ ಊರು ನಾವು. ನಾವು ಕೊಡುತ್ತಿರುವುದೇನು? ಈ ಪ್ರಶ್ನೆಯನ್ನು ಮನೆಗೆ ಒಯ್ಯಿರಿ.

ಮೆಟ್ರೋ ರೈಲು 2021ರಲ್ಲಿ ಕೆಂಗೇರಿಗೆ, 2023ರಲ್ಲಿ ಚಲ್ಲಘಟ್ಟಕ್ಕೆ ಬಂದಿತು. ಅದರಲ್ಲೇ ಕುಳಿತು ನೀವು ಈ ಸುತ್ತಿಗೆ ಬರಬಹುದು. ಬಡಾವಣೆಗಳೂ ಅದೇ ದಾರಿಯಲ್ಲಿ ಬರುತ್ತಿವೆ. ವಿಜಯನಗರದ ಹೊಸಹಳ್ಳಿ, ರಾಜಾಜಿನಗರದ ಕೇತಮಾರನಹಳ್ಳಿ ಕೂಡ ಒಂದು ಕಾಲಕ್ಕೆ ಹೊಲಗದ್ದೆಗಳ ಹಳ್ಳಿಗಳೇ ಆಗಿದ್ದವು.

ಒಂದು ನೋಟ್ ಪುಸ್ತಕ ಒಯ್ಯಿರಿ. ಪ್ರತಿ ಊರಿನಲ್ಲೂ ಕಟ್ಟೆಯ ಮೇಲೆ ಕುಳಿತ ಅಜ್ಜ ಅಜ್ಜಿಯರನ್ನು ಮೂರು ಮಾತು ಕೇಳಿ: ಈ ಕೆರೆಯ ತೂಬು ಎಲ್ಲಿತ್ತು? ಕೊನೆಯ ನೀರಗಂಟಿ ಯಾರ ಮನೆಯವರು? ಹಳೆಯ ಕಲ್ಲು ಎಲ್ಲಿದೆ? ಕಲ್ಲು ಸಿಕ್ಕರೆ ಕೆರೆಯಬೇಡಿ, ಎಣ್ಣೆ ಬಳಿಯಬೇಡಿ. ಚಿತ್ರ ತೆಗೆದು ನಿಮ್ಮ ಇತಿಹಾಸದ ಅಧ್ಯಾಪಕರಿಗೆ ತೋರಿಸಿ. ಕೆರೆಯ ನೀರಿಗೆ ಇಳಿಯಬೇಡಿ. ಈ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರು ಇನ್ನೂ ಕೆಲವರಿದ್ದಾರೆ. ಮುಂದಿನ ರಜೆಗೆ ಮುಂದೂಡದೆ ಈ ವಾರವೇ ಹೊರಡಿ.