ಉಳಿಯೂ ಉಸ್ತುವಾರಿಯೂ: ಗುಡಿಗಾರರ ಕಸಬು

ಶಿರಸಿ, ಸಿದ್ದಾಪುರ, ಬನವಾಸಿಯ ಸೀಮೆಯಲ್ಲಿ, ಆಚೆ ಸೊರಬ, ಸಾಗರಗಳಲ್ಲಿ, ಶ್ರೀಗಂಧ ಕೆತ್ತುವ ಕಸಬು ಗುಡಿಗಾರರದು. ಪೋರ್ಚುಗೀಸರ ಕಾಲದಲ್ಲಿ ಗೋವೆಯಿಂದ ಬಂದವರೆಂಬುದು ಸಮುದಾಯದಲ್ಲಿ ಬಳಕೆಯಲ್ಲಿರುವ ಮಾತು. ಅವರು ಬರೀ ಗಂಧದ ಕೆಲಸಕ್ಕೆ ಕಟ್ಟುಬಿದ್ದವರಲ್ಲ. ಮದುವೆಗೆ ಬೆಂಡಿನ ಬಾಸಿಂಗ, ಚೌತಿಗೆ ಮಣ್ಣಿನ ಗಣಪ, ಯಕ್ಷಗಾನಕ್ಕೆ ಕಿರೀಟ, ಭುಜಕೀರ್ತಿ ಎಲ್ಲವನ್ನೂ ಮಾಡುತ್ತಾರೆ. ನಿಲ್ಕುಂದದಂಥ ಘಟ್ಟದಂಚಿನ ಹಳ್ಳಿಗಳಿಗೆ ಗುಡಿಗಾರರ ಪರಿಚಯ ಇವುಗಳಿಂದಲೇ ಹೆಚ್ಚು. ಗಂಧದ ಪೆಟ್ಟಿಗೆ ಹೋಗುತ್ತಿದ್ದುದು ದೊರೆಗಳಿಗೆ, ದೊರೆಸಾನಿಯರಿಗೆ.

ಒಂದು ಮನೆಯೇ ಒಂದು ಕಾರ್ಖಾನೆ. ಯಜಮಾನ, ಅವನ ತಮ್ಮಂದಿರು, ಮಕ್ಕಳು ಒಂದೇ ಜಗಲಿಯಲ್ಲಿ ಕೂತು ದುಡಿಯುತ್ತಿದ್ದರು. ಗಿರಾಕಿಯೊಡನೆ ಬೆಲೆ ಕುದುರಿಸುವುದು, ಮರ ತರುವುದು, ಯಾರ ಕೈಗೆ ಯಾವ ತುಂಡು ಕೊಡಬೇಕೆಂದು ನೋಡುವುದು ಯಜಮಾನನ ಪಾಲು. ಆದರೂ ಅವನು ಉಳಿ ಬಿಡುತ್ತಿರಲಿಲ್ಲ. ಯಾವುದನ್ನು ಬಿಟ್ಟುಕೊಡಬೇಕು, ಯಾವುದನ್ನು ತನ್ನಲ್ಲೇ ಇಟ್ಟುಕೊಳ್ಳಬೇಕು ಎಂಬ ತೀರ್ಮಾನದಲ್ಲೇ ಅವನ ಯಜಮಾನಿಕೆ ಇತ್ತು.

ಕೆಲಸದ ಕ್ರಮವೇ ಅದಕ್ಕೆ ದಾರಿ ಮಾಡಿಕೊಡುತ್ತಿತ್ತು. ಕೀಸಿ ನಯಮಾಡಿದ ಹಲಗೆಗೆ ಬಿಳಿ ಬಣ್ಣ ಬಳಿದು ಅದರ ಮೇಲೆ, ಇಲ್ಲವೇ ಅಂಟಿಸಿದ ಕಾಗದದ ಮೇಲೆ, ಚಿತ್ತಾರ ಬರೆಯುತ್ತಾರೆ. ಬಳಿಕ ಗೆರೆಯುದ್ದಕ್ಕೂ ಸಣ್ಣ ಉಳಿಯಿಂದ ಕೊರೆದು, ನಡುವಿನ ಜಾಗವನ್ನು ತಗ್ಗಿಸಿ, ಬಳ್ಳಿ ಎಲೆಗಳನ್ನು ಎಬ್ಬಿಸಿ, ಕೊನೆಗೆ ಉಜ್ಜಿ ಹೊಳಪು ಕೊಡುತ್ತಾರೆ. ಹೀಗೆ ತಗ್ಗಿಸುವುದು, ಅಂದರೆ ನೆಲ ತೆಗೆಯುವುದು, ಮತ್ತು ಉಜ್ಜುವುದು ಕಲಿಯುವ ಹುಡುಗರ ಕೆಲಸ. ಗೆರೆಯೂ ದೇವರ ಮುಖವೂ ಹಿರಿಯನ ಕೈಯಲ್ಲೇ ಆಗಬೇಕು. ಬಳ್ಳಿಯ ಒಂದು ಎಲೆ ಕೆಟ್ಟರೆ ಇನ್ನೊಂದು ಎಲೆಯಲ್ಲಿ ಮುಚ್ಚಬಹುದು; ಕೃಷ್ಣನ ಮೂಗು ಕೆಟ್ಟರೆ ಮುಚ್ಚುವ ದಾರಿಯಿಲ್ಲ.

ಬಿ. ಎಲ್. ರೈಸ್ 19ನೆಯ ಶತಮಾನದ ಮೈಸೂರು ಗೆಜೆಟಿಯರಿನಲ್ಲಿ ಈ ಕೆತ್ತನೆಯನ್ನು ವಿಸ್ತಾರವಾಗಿ ಬಣ್ಣಿಸಿದ್ದಾನೆ. ಮರದ ಅಂಗುಲ ಜಾಗವನ್ನೂ ಖಾಲಿ ಬಿಡದ ಹೆಣಿಗೆಯನ್ನು ಮೆಚ್ಚಿಕೊಳ್ಳುತ್ತಾನೆ. ಒಂದು ಮೇಜಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆಂದೂ ಕಸುಬುದಾರರ ಕಣ್ಣು ಬೇಗ ಮಂದವಾಗುತ್ತದೆಂದೂ ದಾಖಲಿಸಿದ್ದಾನೆ. ಹಿರಿಯನ ಕಣ್ಣು ಮಂಜಾಗುವುದು ಮನೆಯ ವ್ಯವಹಾರಕ್ಕೇ ಪೆಟ್ಟು. ಅಷ್ಟರೊಳಗೆ ಗೆರೆ ಬರೆಯಬಲ್ಲ ಇನ್ನೊಬ್ಬ ತಯಾರಾಗಿರಲೇಬೇಕಿತ್ತು. ಯುರೋಪಿಯನ್ನರು ಕೊಟ್ಟ ಮಾದರಿಯನ್ನು ಗುಡಿಗಾರರು ತಪ್ಪಿಲ್ಲದೆ ಕೆತ್ತುತ್ತಿದ್ದರೆಂಬುದೂ ಅಲ್ಲಿದೆ. ಮೆಚ್ಚುಗೆಯಾಗಿ ಬರೆದ ಮಾತದು. ಆದರೆ ಚಿತ್ತಾರ ಹೊರಗಿನಿಂದ ಬಂದಾಗಲೆಲ್ಲ ಯಜಮಾನನ ಪಾಲಿಗೆ ಮೇಸ್ತ್ರಿಕೆಯಷ್ಟೇ ಉಳಿಯುತ್ತಿತ್ತು.

ಮರ ದಕ್ಕಿಸಿಕೊಳ್ಳುವುದು ಬೇರೆಯದೇ ತಲೆನೋವು. 1792ರಲ್ಲಿ ಟಿಪ್ಪು ಗಂಧವನ್ನು ರಾಜವೃಕ್ಷವೆಂದು ಸಾರಿದ. ಅನಂತರದ ಸರಕಾರಗಳೂ ಬಹುಕಾಲ ಹಿಡಿತ ಸಡಿಲಿಸಲಿಲ್ಲ. ಹೀಗಾಗಿ ಕೆತ್ತುವವರು ಸರಕಾರದ ಡಿಪೋದ ದಾರಿ ಕಾಯಬೇಕಾಯಿತು. ಗುಡಿಗಾರರು ಮಾಡುತ್ತಿದ್ದ ದಂತದ ಕೆಲಸವೂ ವನ್ಯಜೀವಿ ಕಾನೂನುಗಳಿಂದ ನಿಂತುಹೋಯಿತು.

ಊರಿನ ದೇವಸ್ಥಾನದ ಕೆಲಸದಲ್ಲಿ ಮಾತ್ರ ಹಳೆಯ ಪದ್ಧತಿ ಗಟ್ಟಿಯಾಗಿ ಉಳಿಯಿತು. ಶಿರಸಿಯ ಮಾರಿಕಾಂಬೆಯದು ಮರದ ಮೂರ್ತಿ; ದೇವಸ್ಥಾನದ ಸ್ಥಾಪನೆ 1688ರದೆನ್ನುತ್ತಾರೆ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಗೆ ಮುನ್ನ ಮೂರ್ತಿಗೆ ಹೊಸ ಬಣ್ಣ ಬಳಿಯುವುದು ಗುಡಿಗಾರರ ಹಕ್ಕು, ಹೊಣೆ ಎರಡೂ. ಅಲ್ಲಿ ಯಜಮಾನ ದೂರ ನಿಂತು ಅಪ್ಪಣೆ ಕೊಡುವಂತಿಲ್ಲ, ಕುಂಚ ಹಿಡಿಯಲೇಬೇಕು.

1964ರಲ್ಲಿ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ಹುಟ್ಟಿಕೊಂಡಿತು. ಮಾಲು ಅದರ ಕಾವೇರಿ ಮಳಿಗೆಗಳಲ್ಲಿ ಮಾರಾಟವಾಗತೊಡಗಿತು. ಸಂಬಳ, ಹಾಜರಿ, ಸಲಕರಣೆಯ ಲೆಕ್ಕ ಬೇರೆಯವರ ಪಾಲಾದಲ್ಲಿ ನುರಿತ ಕೈಗಳಿಗೆ ಕೆತ್ತನೆಯೊಂದೇ ಉಳಿಯಿತು. ಇದರಿಂದ ನೆಮ್ಮದಿ ಬಂತೆಂಬುದು ಸುಳ್ಳಲ್ಲ. ಆದರೆ ಬೆಲೆ ಹೇಳುವ ಅಧಿಕಾರವೂ ಜೊತೆಗೇ ಹೋಯಿತು.

ಗಂಧ ತುಟ್ಟಿಯಾದಂತೆ ಕೆತ್ತನೆ ಶಿವನೆ ಮರಕ್ಕೆ ವಾಲಿತು. ಶಿವನೆಯಲ್ಲಿ ಅಂಗೈಯಗಲದ ಪೆಟ್ಟಿಗೆಯ ಬದಲು ಆಳೆತ್ತರದ ಮೂರ್ತಿಗಳು, ಬಾಗಿಲವಾಡಗಳು ಬಂದವು. ಇದಕ್ಕೆ ಒಂದು ಜಗಲಿಯ ಜನ ಸಾಲುವುದಿಲ್ಲ. ದೇವಸ್ಥಾನದ ಸಮಿತಿಯವರೊಡನೆ ಮಾತಾಡಿ, ಅಳತೆ ತಂದು, ಹೊರಗಿನ ಕೆಲಸಗಾರರನ್ನು ಕೂಡಿಸಿಕೊಳ್ಳುವುದು ಇಂದಿನ ಹಿರಿಯನ ದಿನದ ಬಹುಪಾಲನ್ನು ತಿನ್ನುತ್ತದೆ. ಮುಖದ ಕೆಲಸಕ್ಕೆ ಮಾತ್ರ ಈಗಲೂ ಅವನೇ ಕೂರುತ್ತಾನೆ.