ಕ್ರಿಸ್‌ಮಸ್ಸಿನ ಪುಟ್ಟ ಊರು: ಮೂಲದ ಬಗ್ಗೆ ಒಂದು ಟಿಪ್ಪಣಿ

ಡಿಸೆಂಬರ್ ಬಂತೆಂದರೆ ಅಮೆರಿಕದ ಎಷ್ಟೋ ಮನೆಗಳಲ್ಲಿ ಕ್ರಿಸ್‌ಮಸ್ ಮರದ ಬುಡದಲ್ಲೋ ಮೇಜಿನ ಮೇಲೋ ಒಂದು ಪುಟ್ಟ ಊರು ಎದ್ದು ನಿಲ್ಲುತ್ತದೆ. ಗೇಣುದ್ದದ ಮನೆ, ಚರ್ಚು, ಅಂಗಡಿ. ಒಳಗೆ ದೀಪ, ಸುತ್ತ ಹತ್ತಿಯ ಹಿಮ. ಈ ಅಲಂಕಾರವನ್ನು ಪೆನ್ಸಿಲ್ವೇನಿಯಾದ ಮೊರೇವಿಯನ್ ಕ್ರೈಸ್ತರ ‘ಪುಟ್ಸ್’ ಎಂಬ ಪದ್ಧತಿಗೆ ನೇರವಾಗಿ ಗಂಟು ಹಾಕುವುದು ರೂಢಿ. ನಂಟು ಇರುವುದು ನಿಜ. ಆದರೆ ನಡುವೆ ಆಟದ ರೈಲು, ವಿದ್ಯುತ್ ಬಲ್ಬು ಮತ್ತು ಜಪಾನಿನ ರಟ್ಟಿನ ಮನೆ ಬಂದು ಅದರ ಸ್ವರೂಪವನ್ನೇ ಬದಲಿಸಿದವು. ಇಂದಿನ ಪುಟ್ಟ ಊರು ಪುಟ್ಸ್‌ಗಿಂತ ಈ ಮೂರಕ್ಕೇ ಹೆಚ್ಚು ಋಣಿ ಎಂಬುದು ನನ್ನ ಅಭಿಪ್ರಾಯ.

ಮೊರೇವಿಯನ್ನರು ಪೆನ್ಸಿಲ್ವೇನಿಯಾದಲ್ಲಿ ಕಟ್ಟಿದ ಊರಿಗೆ ಬೆತ್ಲೆಹೆಮ್ ಎಂದು ಹೆಸರು ಬಿದ್ದದ್ದು 1741ರ ಕ್ರಿಸ್‌ಮಸ್ ಹಿಂದಿನ ರಾತ್ರಿ. ಮೊರೇವಿಯನ್ನರ ಮುಖಂಡ ಕೌಂಟ್ ಝಿನ್ಸೆಂಡಾರ್ಫ್ ಆ ರಾತ್ರಿ ಅವರೊಂದಿಗಿದ್ದ. ಅವರು ಸೇರಿದ್ದು ಜನರೂ ದನಕರುಗಳೂ ಒಂದೇ ಸೂರಿನಡಿ ಇದ್ದ ಮರದ ದಿಮ್ಮಿಯ ಮನೆಯಲ್ಲಿ. ಇಂಥ ನೆನಪುಳ್ಳ ಸಮುದಾಯದ ಪುಟ್ಸ್‌ನಲ್ಲಿ ಗೋದಲಿಗೆ ಅಗ್ರಸ್ಥಾನ ಸಿಕ್ಕಿದ್ದು ಸಹಜ. ಕಾಡಿನಿಂದ ಪಾಚಿ, ಕಲ್ಲು, ಮರದ ಬೊಡ್ಡೆ ತಂದು ಗುಡ್ಡ ಕಣಿವೆ ಮಾಡಿ, ಕುರಿಗಾಹಿಗಳನ್ನೂ ದೇವದೂತರನ್ನೂ ಕೂರಿಸಿ, ಮನೆಗೆ ಬಂದವರಿಗೆ ಯೇಸುವಿನ ಜನನದ ಕಥೆ ಹೇಳುತ್ತಿದ್ದರು. ನೆರೆಹೊರೆಯವರು ಮನೆಯಿಂದ ಮನೆಗೆ ಪುಟ್ಸ್ ನೋಡಲು ಹೋಗುತ್ತಿದ್ದರು. ಕೆಲವು ಮನೆಗಳಲ್ಲಿ ಪಕ್ಕದಲ್ಲೊಂದು ಗಿರಣಿ, ಒಂದು ಸೇತುವೆ ಸೇರಿಕೊಂಡರೂ ಕಥೆ ಗೋದಲಿಯದೇ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮರದ ಬುಡಕ್ಕೆ ರೈಲು ಬಂತು. 1900ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಲಯೊನೆಲ್ ಕಂಪನಿಯ ಆಟದ ರೈಲುಗಳು ಹಬ್ಬದ ಉಡುಗೊರೆಯಾಗಿ ಮನೆ ಸೇರಿದವು. ಹಳಿ ಹಾಕಿದ ಮೇಲೆ ನಿಲ್ದಾಣ ಬೇಕು, ನಿಲ್ದಾಣಕ್ಕೆ ಊರು ಬೇಕು. ಬಾಲ್ಟಿಮೋರ್‌ನ ಅಗ್ನಿಶಾಮಕ ಠಾಣೆಗಳಲ್ಲಿ ಇಂಥ ರೈಲಿನ ಊರುಗಳನ್ನು ಸಾರ್ವಜನಿಕರಿಗಾಗಿ ಕಟ್ಟುವ ಪರಿಪಾಠವೇ ಬೆಳೆಯಿತು. ಇಲ್ಲಿ ಕಣ್ಣು ನಿಲ್ಲುವುದು ಓಡುವ ರೈಲಿನ ಮೇಲೆ. ಗೋದಲಿ ಇದ್ದರೂ ಅದು ಒಂದು ಮೂಲೆಗೆ ಸರಿದಿದೆ.

ಆ ಊರನ್ನು ಅಗ್ಗದ ದರದಲ್ಲಿ ಒದಗಿಸಿದವರು ಜಪಾನಿನ ಕೆಲಸಗಾರರು. ಮೊದಲ ಮಹಾಯುದ್ಧದಿಂದ ಜರ್ಮನಿಯ ಆಟಿಕೆಗಳ ಸರಬರಾಜು ನಿಂತಾಗ ಆ ಜಾಗವನ್ನು ಜಪಾನ್ ತುಂಬಿತು. 1920ರ ದಶಕದ ಕೊನೆಯಿಂದ ಎರಡನೆಯ ಮಹಾಯುದ್ಧದವರೆಗೆ ಬಂದ ರಟ್ಟಿನ ಮನೆಗಳನ್ನು ಸಂಗ್ರಾಹಕರು ಇಂದಿಗೂ ‘ಪುಟ್ಸ್ ಮನೆ’ ಎಂದೇ ಕರೆಯುತ್ತಾರೆ. ಹೀಗೆ ಹೆಸರು ಉಳಿಯಿತು, ವಸ್ತು ಬೇರೆಯಾಯಿತು.

ಇಂಥ ಒಂದು ಮನೆಯನ್ನು ಹತ್ತಿರದಿಂದ ನೋಡಬೇಕು. ಮಡಿಸಿ ಅಂಟಿಸಿದ ತೆಳು ರಟ್ಟಿನ ಗೋಡೆ, ಅದರ ಮೇಲೆ ಬಣ್ಣ, ಮಾಡಿನ ಮೇಲೆ ಮಿನುಗುವ ಪುಡಿಯ ಹಿಮ. ಕಿಟಕಿಗೆ ಕೆಂಪು, ಹಳದಿ ಜಿಲೆಟಿನ್ ಕಾಗದ. ಅಂಗಳದ ಗಿಡ ಹಸಿರು ಬಣ್ಣದಲ್ಲಿ ಅದ್ದಿದ ಹೀರೆಕಾಯಿ ನಾರು, ನಮ್ಮಲ್ಲಿ ಮೈ ಉಜ್ಜಲು ಬಳಸುವ ಅದೇ ನಾರು. ಹಿಂಬದಿಯ ಗೋಡೆಯಲ್ಲಿ ಒಂದು ದುಂಡನೆಯ ತೂತು. ಮೂಲದ ಚರ್ಚೆಯಲ್ಲಿ ಈ ತೂತಿಗೆ ಎಷ್ಟು ಬೆಲೆ ಕೊಟ್ಟರೂ ಕಡಿಮೆಯೇ. ಅದು ಮರದ ಸೀರಿಯಲ್ ಸೆಟ್ಟಿನ ಒಂದು ಬಲ್ಬನ್ನು ಒಳಗೆ ತೂರಿಸಲು ಬಿಟ್ಟ ಜಾಗ. ಆಗಿನ ಸಾಮಾನ್ಯ ಸೆಟ್ಟಿನಲ್ಲಿ 15 ವೋಲ್ಟಿನ 8 ಬಲ್ಬುಗಳನ್ನು ಒಂದೇ ಸರದಲ್ಲಿ ಜೋಡಿಸಿ 120 ವೋಲ್ಟಿನ ಮನೆ ವಿದ್ಯುತ್ತಿಗೆ ಹೊಂದಿಸುತ್ತಿದ್ದರು. ಬತ್ತಿ ಹಚ್ಚುವ ಕಾಲದಲ್ಲಿ ರಟ್ಟಿನ ಮನೆಯೊಳಗೆ ದೀಪವಿಡುವುದು ಅಪಾಯದ ಕೆಲಸವಾಗಿತ್ತು. ಬೆಳಗುವ ಕಿಟಕಿಯ ಊರು ಮನೆಮನೆಯ ಅಲಂಕಾರವಾದದ್ದು ವಿದ್ಯುತ್ತಿನಿಂದ.

ಕಾಲನಿರ್ಣಯಕ್ಕೆ ಮನೆಯ ತಳ ನೋಡಬೇಕು. ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯ್ದೆ ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರನ್ನು ಕಡ್ಡಾಯ ಮಾಡಿತು. 1921ರಿಂದ ‘ನಿಪ್ಪಾನ್’ ಎಂದರೆ ಸಾಲದು, ‘ಜಪಾನ್’ ಎಂದೇ ಇರಬೇಕು ಎಂದಾಯಿತು. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಅದು ಯುದ್ಧಾನಂತರದ್ದು, ಮಿತ್ರರಾಷ್ಟ್ರಗಳ ಆಡಳಿತ 1952ರಲ್ಲಿ ಮುಗಿಯುವ ಮುಂಚಿನದು. ಮುದ್ರೆಯೇ ಇಲ್ಲದ್ದನ್ನು ಹಳೆಯದೆಂದು ತೀರ್ಮಾನಿಸುವುದು ಮಾತ್ರ ತಪ್ಪು. ಮುದ್ರೆ ಪೆಟ್ಟಿಗೆಯ ಮೇಲಿದ್ದು, ಪೆಟ್ಟಿಗೆ ಕಳೆದುಹೋಗಿರಬಹುದು.

ಯುದ್ಧದ ನಂತರ ಫಿಲಡೆಲ್ಫಿಯಾದ ಬಾಕ್‌ಮನ್ ಬ್ರದರ್ಸ್ ಕಂಪನಿಯ ‘ಪ್ಲಾಸ್ಟಿಕ್‌ವಿಲ್’ ಮನೆಗಳು ರೈಲಿನ ಪಕ್ಕ ಬಂದು ಕೂತವು. ಇದನ್ನು ಮಿನಿಯಾಪೊಲಿಸ್‌ನ ಹೂವಿನ ವ್ಯಾಪಾರಿ ಸಂಸ್ಥೆ ಬಾಕ್‌ಮನ್ಸ್ ಜೊತೆ ಕಲಸಬಾರದು. ಈ ಎರಡನೆಯದರ ಉಡುಗೊರೆ ವಿಭಾಗದಿಂದ ಹುಟ್ಟಿದ್ದೇ ‘ಡಿಪಾರ್ಟ್‌ಮೆಂಟ್ 56’. 1976ರಲ್ಲಿ ಅದು ‘ಸ್ನೋ ವಿಲೇಜ್’ ಹೆಸರಿನಲ್ಲಿ ದೀಪ ಬೆಳಗುವ 6 ಸೆರಾಮಿಕ್ ಕಟ್ಟಡಗಳನ್ನು ಮಾರುಕಟ್ಟೆಗೆ ತಂದಿತು: ಎರಡು ಚರ್ಚು, ಒಂದು ಛತ್ರ, ಒಂದು ಬೆಟ್ಟದ ವಸತಿಗೃಹ, ಎರಡು ಮನೆ. ಗೋದಲಿ ಇಲ್ಲ. 1984ರಲ್ಲಿ ಅದೇ ಸಂಸ್ಥೆ ತಂದ ಸಾಲಿಗೆ ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್‌ನ ಹೆಸರು. ಅಲ್ಲಿಗೆ ಬೆತ್ಲೆಹೆಮ್ಮಿನ ಜಾಗಕ್ಕೆ ಹಳೆಯ ಇಂಗ್ಲೆಂಡ್ ಬಂದಂತಾಯಿತು. ಪುಟ್ಸ್ ಪಾಚಿಯನ್ನು ಪ್ರತಿ ವರ್ಷ ಕಾಡಿನಿಂದ ತರಬೇಕಿತ್ತು. ಈ ಊರು ವರ್ಷಕ್ಕೊಂದು ಕಟ್ಟಡ ಕೊಂಡಂತೆ ಬೆಳೆಯುತ್ತದೆ. ಭಕ್ತಿ ಕಡಿಮೆಯಾಯಿತೆಂದು ಇದರಿಂದ ಹೇಳಲಾಗದು. ಎಷ್ಟೋ ಮನೆಗಳಲ್ಲಿ ಗೋದಲಿ ಬೇರೊಂದು ಕಡೆ ಇದ್ದೇ ಇರುತ್ತದೆ. ಕಥೆಯೂ ಊರೂ ಬೇರೆಬೇರೆಯಾದವು ಎಂಬುದಷ್ಟೇ ವಸ್ತುಗಳು ಕೊಡುವ ಸಾಕ್ಷ್ಯ.

ನಮ್ಮ ಕರಾವಳಿಯ ಕ್ಯಾಥೋಲಿಕ್ ಮನೆಗಳ ಗೋದಲಿಗೂ ಹೀಗೆಯೇ ಬರೆಯದ ಚರಿತ್ರೆ ಇದೆ. ಅಟ್ಟದ ಪೆಟ್ಟಿಗೆಯಲ್ಲಿ ಹಳೆಯ ಬೊಂಬೆಗಳಿದ್ದರೆ ಹೊಸ ಬಣ್ಣ ಬಳಿಯುವ ಮುಂಚೆ ತಳವನ್ನೂ ಬೆನ್ನನ್ನೂ ಫೋಟೊ ತೆಗೆದಿಡಿ. ಯಾವ ಅಂಗಡಿಯಿಂದ ತಂದದ್ದು, ಯಾರು ಮಾಡಿದ್ದು, ದೀಪ ಯಾವ ವರ್ಷ ಸೇರಿತು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಪೆಟ್ಟಿಗೆಯನ್ನು ಮಾತ್ರ ಎಸೆಯಬೇಡಿ.