ಗುಡಗೇರಿ ಸೀಮೆ ಮತ್ತು ಸ್ಕೌಟ್ ಪುರಸ್ಕಾರದ ಹಾದಿ

ಕುಂದಗೋಳ ತಾಲೂಕಿನ ಗುಡಗೇರಿ ಬ್ರಿಟಿಷರ ಕಾಲದಲ್ಲಿ ಧಾರವಾಡ ಜಿಲ್ಲೆಯ ನಡುವೆಯೇ ಇದ್ದರೂ ಕಲೆಕ್ಟರರ ಆಡಳಿತಕ್ಕೆ ಒಳಪಡದೆ, ಪಟವರ್ಧನ ಮನೆತನದ ಕಿರಿಯ ಮೀರಜ ಸಂಸ್ಥಾನಕ್ಕೆ ಸೇರಿತ್ತು. 1948ರಲ್ಲಿ ಆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರ ನವೆಂಬರ್ 1ರಂದು ಈ ಭಾಗವೆಲ್ಲ ಮೈಸೂರು ರಾಜ್ಯಕ್ಕೆ ಬಂದಿತು. ಸ್ಕೌಟ್ ಬಾಲಕನ ಪುರಸ್ಕಾರ ಪತ್ರಕ್ಕೆ ಯಾರ ಸಹಿ ಬೀಳಬೇಕೆಂಬ ಪ್ರಶ್ನೆಯೂ ಇತ್ಯರ್ಥವಾದದ್ದು ಹೆಚ್ಚುಕಡಿಮೆ ಇದೇ ಅವಧಿಯಲ್ಲಿ.

ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತು ಹುಡುಗರೊಡನೆ ನಡೆಸಿದ ಶಿಬಿರದಿಂದ ಹುಟ್ಟಿದ ಸ್ಕೌಟ್ ಚಳವಳಿ 1909ರಲ್ಲೇ ಬೆಂಗಳೂರಿಗೆ ಬಂದಿತಾದರೂ, ಮೊದಮೊದಲು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗಷ್ಟೇ ಅದರಲ್ಲಿ ಪ್ರವೇಶವಿತ್ತು. ಅದರ ಅತ್ಯುನ್ನತ ಗೌರವದ ಹೆಸರೇ ‘ಕಿಂಗ್ಸ್ ಸ್ಕೌಟ್’, ಎಂದರೆ ದೊರೆಯ ಸ್ಕೌಟ್. ಈ ಹೊರಗಿಡುವಿಕೆಗೆ ಉತ್ತರವಾಗಿ 1917ರಲ್ಲಿ ಮದರಾಸಿನಲ್ಲಿ ಆನಿ ಬೆಸೆಂಟ್ ಭಾರತೀಯ ಮಕ್ಕಳಿಗಾಗಿ ಬೇರೆ ಸಂಘ ಕಟ್ಟಿದರು. ಗುಡಗೇರಿಗೆ ಸಮೀಪದ ಹುಬ್ಬಳ್ಳಿಯಲ್ಲಿ ಡಾ. ನಾ.ಸು. ಹರ್ಡೀಕರರು 1923ರಲ್ಲಿ ಆರಂಭವಾದ ಹಿಂದುಸ್ತಾನಿ ಸೇವಾದಳದ ಮೂಲಕ ತರುಣರಿಗೆ ಕವಾಯತು, ಶಿಸ್ತು ಮತ್ತು ಸೇವೆ ಕಲಿಸಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ದುಡಿದ ಆ ಸ್ವಯಂಸೇವಕರು ಯಾವ ದೊರೆಯ ಮನ್ನಣೆಯನ್ನೂ ಬಯಸಿದವರಲ್ಲ, ಮತ್ತು ಈ ಸೀಮೆಯ ಯುವಜನ ಶಿಕ್ಷಣದ ಚರಿತ್ರೆಯಲ್ಲಿ ಅವರಿಗೆ ಮೊದಲ ಸ್ಥಾನ ಸಲ್ಲಬೇಕು.

ಬೇರೆ ಬೇರೆಯಾಗಿದ್ದ ಸ್ಕೌಟ್ ಸಂಘಗಳು 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಒಂದೇ ಸಂಸ್ಥೆಯಾದವು. ಮರುವರ್ಷ ಬಾಲಕಿಯರ ಗೈಡ್ ಸಂಘವೂ ಅದರೊಳಗೆ ಬಂದಿತು. ದೊರೆಯ ಹೆಸರಿದ್ದ ಜಾಗಕ್ಕೆ ರಾಷ್ಟ್ರಪತಿಯ ಹೆಸರು ಬಂದಿತು. ಇಂದು ಹತ್ತು ವರ್ಷ ತುಂಬಿದ ಮಗು ‘ಪ್ರವೇಶ’ ಎಂಬ ಆರಂಭದ ಪರೀಕ್ಷೆ ಮುಗಿಸಿ, ಸೋಪಾನ ಎಂದು ಕರೆಯುವ ಪ್ರಥಮ, ದ್ವಿತೀಯ, ತೃತೀಯ ಮೆಟ್ಟಿಲುಗಳನ್ನು ಏರಿ, ರಾಜ್ಯಪಾಲರು ನೀಡುವ ರಾಜ್ಯ ಪುರಸ್ಕಾರವನ್ನೂ ಆ ಬಳಿಕ ರಾಷ್ಟ್ರಪತಿ ಪುರಸ್ಕಾರವನ್ನೂ ಪಡೆಯಬಹುದು. ಇದಕ್ಕೆ ವರ್ಷಗಳೇ ಹಿಡಿಯುತ್ತವೆ.

ಈ ಮೆಟ್ಟಿಲುಗಳಲ್ಲಿ ಕಲಿಸುವ ವಿದ್ಯೆ ಒಕ್ಕಲುತನದ ಮನೆಯ ಮಕ್ಕಳಿಗೆ ಪೂರ್ತಿ ಹೊಸದೇನಲ್ಲ. ಒಂದೇ ದಪ್ಪದ ಎರಡು ಹಗ್ಗ ಜೋಡಿಸಲು ರೀಫ್ ನಾಟ್, ದಪ್ಪ ಹಗ್ಗಕ್ಕೆ ತೆಳು ಹಗ್ಗ ಸೇರಿಸಲು ಶೀಟ್ ಬೆಂಡ್, ಕಂಬಕ್ಕೆ ಹಗ್ಗವನ್ನು ಎರಡು ಸುತ್ತು ಬಳಸಿ, ಎರಡನೆಯ ಸುತ್ತಿನಡಿ ತುದಿಯನ್ನು ತೂರಿಸಿ ಬಿಗಿಯುವ ಕ್ಲೋವ್ ಹಿಚ್: ಎತ್ತನ್ನು ಗೂಟಕ್ಕೆ ಕಟ್ಟಿ ಬಲ್ಲ ಕೈಗೆ ಈ ಮೂರನೆಯ ಗಂಟು ಹೆಸರಿನಿಂದಷ್ಟೇ ಅಪರಿಚಿತ. ಇವುಗಳ ಜೊತೆಗೆ ಪ್ರಥಮ ಚಿಕಿತ್ಸೆ, ನಕಾಶೆ ಓದುವುದು, ಬಯಲಲ್ಲಿ ಒಲೆ ಹೂಡಿ ಅಡುಗೆ ಮಾಡುವುದು ಮತ್ತು ಊರ ಸೇವೆಯ ಪರೀಕ್ಷೆಗಳೂ ಇರುತ್ತವೆ.

ಹುಬ್ಬಳ್ಳಿ–ಬೆಂಗಳೂರು ರೈಲುಮಾರ್ಗದಲ್ಲಿ ಗುಡಗೇರಿಗೂ ಒಂದು ನಿಲ್ದಾಣವಿದೆ. ಆ ಹಳಿಗಳನ್ನು ನಡೆಸುವ ರೈಲ್ವೆಯೇ ಸ್ಕೌಟ್ಸ್ ಮತ್ತು ಗೈಡ್ಸ್ ಕೋಟಾದಲ್ಲಿ ನೌಕರಿಗೆ ಜನರನ್ನು ತೆಗೆದುಕೊಳ್ಳುವಾಗ, ರಾಷ್ಟ್ರಪತಿ ಪುರಸ್ಕಾರದ ಪತ್ರವನ್ನು ಅರ್ಹತೆಯಾಗಿ ಪರಿಗಣಿಸುತ್ತದೆ.